ಕಾಲರಿನಲ್ಲಿ ನಿಂತ ಬೆರಳು

"ಸತ್ತಿರಿ, ಅಯ್ಯಾ," ಎಂದರು ಪರೀಕ್ಷಕಿ.

ಆ ಬೆಳಿಗ್ಗೆ ಅದು ನನ್ನ ಆರನೆಯ ಸಾವು. ಪಣಕಹಳ್ಳಿಯ ಹೊರಗೆ ಎಲೆಕೋಸು ತುಂಬುವ ಶೆಡ್ಡೊಂದರಲ್ಲಿ, ಕಬ್ಬಿಣದ ತೊಲೆಗೆ ನೇತುಹಾಕಿದ ಹಾರ್ನೆಸ್ಸಿನೊಳಗೆ ನಾವಿಬ್ಬರೂ ತೂಗುತ್ತಿದ್ದೆವು. ಅವರು ಮುಂದೆ, ನಾನು ಹಿಂದೆ. ಜೋಡಿ ಹಾರಾಟದಲ್ಲಿ ವ್ಯವಸ್ಥೆ ಹೀಗೆಯೇ ಇರುತ್ತದೆ. ಪ್ರಯಾಣಿಕನ ಬೆನ್ನು ಶಿಕ್ಷಕನ ಎದೆಗೆ ಅಂಟಿಕೊಂಡಿರುತ್ತದೆ. ಭುಜಕ್ಕೆರಡು, ಸೊಂಟಕ್ಕೆರಡು ಕೊಕ್ಕೆ. ಪ್ಯಾರಾಚೂಟ್ ಇರುವುದು ಶಿಕ್ಷಕನ ಬೆನ್ನಿನ ಮೇಲೆ ಮಾತ್ರ. ಪ್ರಯಾಣಿಕ ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಆದರೆ ಹೆದರಿದ ಮನುಷ್ಯ ಸುಮ್ಮನಿರುವುದಿಲ್ಲ. ಪರೀಕ್ಷಕಿ ಆ ಹೆದರಿದ ಮನುಷ್ಯನಾಗಿದ್ದರು. ತಲೆಯನ್ನು ಹಿಂದಕ್ಕೆ ಬಡಿದು ನನ್ನ ತುಟಿ ಒಡೆದಿದ್ದರು. ಮೊಣಕೈಯಿಂದ ಪಕ್ಕೆಗೆ ತಿವಿದಿದ್ದರು. ಈಗ ನನ್ನ ಬಲ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಿದ್ದರು. ಮೂರು ಸೆಕೆಂಡಿನಲ್ಲಿ ಬಿಡಿಸಿಕೊಳ್ಳಬೇಕಿತ್ತು. ನನಗೆ ಏಳು ಹಿಡಿದಿತ್ತು.

"ಮಣಿಕಟ್ಟು ಎಳೀಬೇಡಿ. ನನ್ನ ಹೆಬ್ಬೆರಳು ಹಿಡೀರಿ, ಹಿಂದಕ್ಕೆ ಮುರೀರಿ."

"ನೋವಾಗುತ್ತೆ ಮೇಡಂ."

"ಆಗ್ಲಿ. ಮುರಿದ ಬೆರಳಿಗೆ ಪ್ಲಾಸ್ಟರ್ ಹಾಕಬಹುದು. ಮತ್ತೊಂದು ಸಲ."

ಅವರ ವಯಸ್ಸು ನನ್ನದರ ಅರ್ಧ. ಸತ್ಯಮಂಗಲದವರು, ಹಾಸನೂರಿನಲ್ಲಿ ಬೆಳೆದದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ತಮಿಳು. ನನಗೆ ಆಗ ಅರವತ್ತೊಂದು. ಸೈನ್ಯದಲ್ಲಿ ಪ್ಯಾರಾಚೂಟ್ ಶಿಕ್ಷಕನಾಗಿದ್ದವನು. ಒಬ್ಬನೇ ಹಾರುವುದು ನನಗೆ ಬಸ್ ಇಳಿದಷ್ಟೇ ಸಲೀಸು. ಇನ್ನೊಬ್ಬರ ಜೀವವನ್ನು ಎದೆಗೆ ಕಟ್ಟಿಕೊಂಡು ಹಾರುವುದು ಬೇರೆಯೇ ವಿದ್ಯೆ, ಅದಕ್ಕೆ ಬೇರೆಯೇ ಪರವಾನಗಿ. ಅದನ್ನು ಪಡೆಯಲು ನಾನು ಮತ್ತೆ ವಿದ್ಯಾರ್ಥಿಯಾಗಿದ್ದೆ.

ದಿನಚರಿ ಬದಲಿಸಲಿಲ್ಲ. ನಾಲ್ಕೂವರೆಗೆ ಏಳುವುದು, ಸ್ನಾನ, ಲಿಂಗಪೂಜೆ, ಒಂದು ಲೋಟ ರಾಗಿ ಅಂಬಲಿ, ಐದೂವರೆಗೆ ಶೆಡ್ಡು. ಅಲ್ಲಿ ಮೊದಲು 'ಐದು ಮುಟ್ಟು'. ಭುಜದ ಕೊಕ್ಕೆ, ಸೊಂಟದ ಕೊಕ್ಕೆ, ಎದೆಪಟ್ಟಿ, ಕಾಲುಪಟ್ಟಿ, ಕಾಲರ್. ಪ್ರಯಾಣಿಕನ ಮೈಮೇಲೆ ಈ ಐದನ್ನೂ ಇದೇ ಕ್ರಮದಲ್ಲಿ ತಪಾಸಣೆ ಮಾಡಬೇಕು. ಕಣ್ಣಿನಿಂದ ನೋಡುವುದಲ್ಲ, ಕೈಯಿಂದ ಮುಟ್ಟುವುದು. ಕೊನೆಯದಾದ ಕಾಲರಿಗೆ ವಿಶೇಷ ವಿಧಾನವಿದೆ. ಪ್ರಯಾಣಿಕನ ಕುತ್ತಿಗೆಯ ಸುತ್ತ ಬಟ್ಟೆಯೊಳಗೆ ತೋರುಬೆರಳು ಹಾಕಿ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಸರ, ತಾಯಿತ, ಕನ್ನಡಕದ ದಾರ, ಏನೇ ಸಿಕ್ಕರೂ ಹೊರಕ್ಕೆ ಎಳೆದು ತೆಗೆಸಬೇಕು. ಗಾಳಿಯ ವೇಗದಲ್ಲಿ ಒಂದು ಗುಂಡಿಯೂ ಕಲ್ಲಾಗುತ್ತದೆ. ಸೈನ್ಯದಲ್ಲಿ ಸಾವಿರಾರು ಕಾಲರುಗಳಲ್ಲಿ ನನ್ನ ಬೆರಳು ತಿರುಗಿದೆ.

ಇಪ್ಪತ್ತು ದಿನ ಪರೀಕ್ಷಕಿ ನನ್ನನ್ನು ಹೊಡೆದರು. ನಾಲ್ಕನೆಯ ವಾರದ ಹೊತ್ತಿಗೆ ನಾನು ಸಾಯುವುದು ನಿಂತಿತು. ಅವರನ್ನೇ ಕಟ್ಟಿಕೊಂಡು ವಿಮಾನದಿಂದ ಹನ್ನೆರಡು ಸಲ ಹಾರಿದೆ. ಆಕಾಶದಲ್ಲೂ ಅವರು ಒದ್ದರು, ಕಚ್ಚಿದರು, ಬೇಕೆಂದೇ ಕಾಲು ಮಡಿಸಿ ನಮ್ಮನ್ನು ಬುಗುರಿಯಂತೆ ತಿರುಗಿಸಿದರು. ಹನ್ನೆರಡನೆಯ ಸಲ ನೆಲಕ್ಕಿಳಿದಾಗ, "ಇನ್ನು ನಿಜವಾದ ಪ್ರಯಾಣಿಕ," ಎಂದು ನನ್ನ ಹಾರಾಟದ ಪುಸ್ತಕಕ್ಕೆ ಸಹಿ ಹಾಕಿದರು. ಮೊದಲ ಐದು ಹಾರಾಟ ಅವರ ಕಣ್ಣೆದುರಿಗೆ ನಡೆಯಬೇಕು, ಅನಂತರವೇ ಪರವಾನಗಿ ಪೂರ್ಣ.

ಮೊದಲ ಪ್ರಯಾಣಿಕ ಯಾರೆಂಬುದು ಆಗಲೇ ತೀರ್ಮಾನವಾಗಿತ್ತು. ವಿಮಾನ ಓಡುತ್ತಿದ್ದ ಮಣ್ಣಿನ ಪಟ್ಟಿ, ನಾವು ಇಳಿಯುತ್ತಿದ್ದ ಬಯಲು, ಎಲೆಕೋಸಿನ ಶೆಡ್ಡು, ಎಲ್ಲವೂ ಒಬ್ಬ ಗೌಡರದು. ಮುಸುಕಿನ ಜೋಳ ಕೊಯ್ದ ಮೇಲೆ ಅವರೇ ನಿಂತು ಉರುಳೆ ಹೊಡೆಸಿ ನೆಲ ಗಟ್ಟಿ ಮಾಡಿಸಿಕೊಟ್ಟಿದ್ದರು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಊರಿಗೆಲ್ಲ ಅವರು ಗೌಡರು, ನನಗೆ ಅವನು.

"ನನ್ ಒಲಗದ್ದೆಯ ನೀವೆಲ್ಲಾ ಮ್ಯಾಲಿಂದ ನೋಡ್ಬುಟ್ರಿ. ನಾನೊಬ್ನೇ ನೋಡ್ನಿಲ್ಲ," ಎಂದು ಅವನು ಹಟ ಹಿಡಿದಿದ್ದ. ವೈದ್ಯರ ಪತ್ರ ತಂದ. ತೂಕ ಸರಿಯಿತ್ತು. ನೆಲದ ತರಬೇತಿಗೆ ಮೂರು ದಿನ ಶಿಸ್ತಾಗಿ ಬಂದ. ಕಾಲು ಹಿಂದಕ್ಕೆ, ಸೊಂಟ ಮುಂದಕ್ಕೆ, ಗಲ್ಲ ಮೇಲಕ್ಕೆ, ಕೈ ಎದೆಪಟ್ಟಿಯ ಮೇಲೆ. ಎಲ್ಲ ಕಲಿತ. ತೊಡಕಾದದ್ದು ಒಂದೇ.

"ಕೊರಳಲ್ಲಿ ಏನೂ ಇರಬಾರದು," ಎಂದೆ.

ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಏನ್ಲಾ, ಲಿಂಗವ ತೆಗ್ದು ಗೂಟಕ್ ನೇತಾಕ್ಬುಟ್ಟು ಬಾ ಅಂತೀಯಾ? ನೀನೂ ಕಟ್ಕೊಂಡಿಲ್ವಾ?"

ಕಟ್ಟಿಕೊಂಡಿದ್ದೆ. ನಮ್ಮ ಲಿಂಗಾಯತರ ಮನೆಗಳಲ್ಲಿ ಲಿಂಗ ಮೈಬಿಟ್ಟು ಇರುವಂತಿಲ್ಲ. ಕರಡಿಗೆಯೆಂಬ ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿ, ಶಿವದಾರದಲ್ಲಿ, ಎದೆಯ ಮೇಲೆ ಇರಬೇಕು. ಪೂಜೆಯಾಗದೆ ಬಾಯಿಗೆ ನೀರು ಹಾಕದವರು ಈಗಲೂ ಇದ್ದಾರೆ, ಅವನು ಅಂಥವನು. ಇನ್ನೊಬ್ಬರ ಲಿಂಗವನ್ನು ಯಾರೂ ಮುಟ್ಟುವುದಿಲ್ಲ. ಹೆಂಡತಿಯದನ್ನು ಗಂಡ ಮುಟ್ಟುವುದಿಲ್ಲ, ಮಗನದನ್ನು ತಾಯಿ ಮುಟ್ಟುವುದಿಲ್ಲ.

ಸೈನ್ಯದಲ್ಲಿ ನಾನು ಇದಕ್ಕೊಂದು ದಾರಿ ಮಾಡಿಕೊಂಡಿದ್ದೆ. ಬನಿಯನ್ನಿನ ಎದೆಯ ಭಾಗದಲ್ಲಿ ಒಳಗಡೆಗೆ ದಪ್ಪ ಬಟ್ಟೆಯ ಜೇಬು, ಅದಕ್ಕೆ ಜಿಪ್. ಹಾರುವ ದಿನ ಕರಡಿಗೆಯೂ ದಾರವೂ ಅದರೊಳಗೆ. ನನ್ನ ಬನಿಯನ್ ತೆಗೆದು ತೋರಿಸಿದೆ.

"ಎದೆ ಮ್ಯಾಲೇ ಇರ್ತದಲ್ವಾ?"

"ಎದೆ ಮೇಲೇ."

"ಸರಿ ಬುಡು. ನಂಗೂ ಒಂದ್ ಒಲ್ಸ್‌ಕುಡು."

ಹೊಲಿಸಿಕೊಟ್ಟೆ.

ಹಾರಾಟದ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಇಳಿಯುವ ಬಯಲಿನಲ್ಲಿ ಬಾವುಟ ಹಿಡಿದು ಗಾಳಿ ನೋಡುವವನು ಜೀರಹಳ್ಳಿ ಕಡೆಯ ಒಬ್ಬ ಸೋಲಿಗ. ಕಾಡಿನಲ್ಲಿ ಬೆಂಕಿ ಕಾವಲಿನ ಕೆಲಸ ಮಾಡಿ, ಹೊಗೆ ನೋಡಿಯೇ ಗಾಳಿಯ ನಡೆ ಹೇಳಬಲ್ಲವನು. ವಾಕಿಟಾಕಿಯಲ್ಲಿ ಅವನ ದನಿ ನನ್ನ ಹೆಲ್ಮೆಟ್ಟಿನೊಳಗೆ ಬಂತು. "ಅಣ್ಣ, ಗಾಳಿ ಕಾಡಿನ್ ಕಡೆಯಿಂದ ಬತ್ತಾ ಅದೆ, ಮೆತ್ತಗದೆ. ಗೌಡ್ರ ಜಲ್ದಿ ಕಳ್ಸು, ಮಧ್ಯಾನ್ಕೆ ಊಟಕ್ ಕರ್ದವ್ರೆ."

ಅದನ್ನು ಹೇಳಿದೆ, ಗೌಡ ನಕ್ಕ. ವಿಮಾನ ಹತ್ತಿದ ಮೇಲೆ ನಗು ನಿಂತಿತು. ಬಾಗಿಲಿಲ್ಲದ ಚಿಕ್ಕ ವಿಮಾನ. ಪೈಲಟ್, ಪರೀಕ್ಷಕಿ, ನಾವಿಬ್ಬರು. ಹತ್ತು ಸಾವಿರ ಅಡಿ ಏರಲು ಅರ್ಧ ಗಂಟೆ ಬೇಕು. ಅವನು ನನ್ನ ಮುಂದೆ ನನಗೆ ಬೆನ್ನು ಹಾಕಿ ಕುಳಿತಿದ್ದ. ಅರ್ಧ ದಾರಿಯಲ್ಲಿ ಅವನ ಬಲಗೈ ಅಂಗಿಯೊಳಗೆ ಹೋಗಿದ್ದನ್ನು ಕಂಡೆ. ಜಪ ಮಾಡುತ್ತಿದ್ದಾನೆಂದುಕೊಂಡೆ. ಕೈ ಹೊರಗೆ ಬಂತು.

ಒಂಬತ್ತು ಸಾವಿರ ಅಡಿಯಲ್ಲಿ ಪರೀಕ್ಷಕಿ ಬೆರಳೆತ್ತಿದರು. ಐದು ಮುಟ್ಟು. ಭುಜದ ಕೊಕ್ಕೆ, ಭದ್ರ. ಸೊಂಟದ ಕೊಕ್ಕೆ, ಭದ್ರ. ಎದೆಪಟ್ಟಿ. ಕಾಲುಪಟ್ಟಿ. ಕಾಲರ್.

ತೋರುಬೆರಳನ್ನು ಅವನ ಕತ್ತಿನ ಹಿಂದಿನಿಂದ ಹಾಕಿದೆ. ಒಂದಿಂಚು ತಿರುಗುವಷ್ಟರಲ್ಲಿ ದಾರ ತಗುಲಿತು. ಹತ್ತಿಯ ಹುರಿ, ಬೆವರಿಗೆ ಒದ್ದೆಯಾಗಿತ್ತು. ನನಗೆ ಮರುಕ್ಷಣವೇ ಗೊತ್ತಾಯಿತು ಅದೇನೆಂದು. ಕರಡಿಗೆಯನ್ನು ಮಾತ್ರ ಜೇಬಿಗೆ ಹಾಕಿಕೊಂಡು ದಾರವನ್ನು ಕೊರಳಲ್ಲೇ ಬಿಟ್ಟುಕೊಂಡಿದ್ದಾನೆ. ವಿಧಾನದ ಪ್ರಕಾರ ನಾನು ಅದನ್ನು ಹೊರಕ್ಕೆ ಎಳೆಯಬೇಕಿತ್ತು, ಜೇಬಿನ ಜಿಪ್ ಹಾಕಿದೆಯೇ ಎಂದು ಒಳಗೆ ಕೈಹಾಕಿ ನೋಡಬೇಕಿತ್ತು. ನನ್ನ ಬೆರಳು ಅಲ್ಲಿಯೇ ನಿಂತಿತು. ಎಳೆದರೆ ಕರಡಿಗೆ ಕೈಗೆ ಬರುತ್ತದೆ. ಜಿಪ್ ಹಾಕಿರುತ್ತಾನೆ ಎಂದುಕೊಂಡೆ. ಬೆರಳನ್ನು ಹಿಂದಕ್ಕೆ ತೆಗೆದೆ. ಪರೀಕ್ಷಕಿಯ ಕಡೆ ತಿರುಗಿ ಹೆಬ್ಬೆರಳೆತ್ತಿದೆ.

ಬಾಗಿಲಿನ ಅಂಚಿಗೆ ಬಂದೆವು. ಮೂರು ಎಣಿಸಿದೆ. ಬಿದ್ದೆವು.

ಜೋಡಿ ಹಾರಾಟದಲ್ಲಿ ಮೊದಲ ಕೆಲಸ, ಹೊಟ್ಟೆ ನೆಲದ ಕಡೆ ಬರುವಂತೆ ಸ್ಥಿರವಾಗುವುದು. ಎರಡನೆಯದು, ಬೆನ್ನ ಕೆಳಗಿನ ಚೀಲದಿಂದ ಬಲಗೈಯಲ್ಲಿ ಒಂದು ಚಿಕ್ಕ ಕೊಡೆಯನ್ನು ಹೊರಗೆಸೆಯುವುದು. ಅದಕ್ಕೆ ಡ್ರೋಗ್ ಎನ್ನುತ್ತಾರೆ. ಇಬ್ಬರ ಭಾರಕ್ಕೆ ವೇಗ ವಿಪರೀತವಾಗುತ್ತದೆ, ಅದನ್ನು ಹಿಡಿದಿಡುವುದು ಡ್ರೋಗ್. ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವುದೂ ಅದೇ. ನಾನು ಎರಡನೆಯ ಕೆಲಸಕ್ಕೆ ಕೈ ಹಿಂದಕ್ಕೆ ಒಯ್ದಿದ್ದೆ, ಅಷ್ಟೇ.

ಅವನ ಕಾಲರಿನಿಂದ ಏನೋ ಬೆಳ್ಳಗೆ ಚಿಮ್ಮಿ ನನ್ನ ಎಡಗಣ್ಣಿಗೆ ಬಡಿಯಿತು. ಗಾಗಲ್ಲಿನ ಗಾಜು ಒಡೆದು ಹುಬ್ಬಿನೊಳಕ್ಕೆ ಹೋಯಿತು. ಏನೆಂದು ತಿಳಿಯುವ ಮೊದಲೇ ಎರಡನೆಯ ಏಟು, ಹಲ್ಲಿನ ಮೇಲೆ. ಕರಡಿಗೆ ದಾರದ ತುದಿಯಲ್ಲಿ ಕವಣೆಯ ಕಲ್ಲಿನಂತೆ ಸುತ್ತುತ್ತಿತ್ತು. ಮೂರನೆಯ ಏಟು ಬೀಳುವ ಮೊದಲು ಬಲಗೈಯಿಂದ ಅದನ್ನು ಹಿಡಿಯಲು ಹೋದೆ. ದಾರ ನನ್ನ ಕೈಗವಸಿಗೆ ಎರಡು ಸುತ್ತು ಸುತ್ತಿಕೊಂಡಿತು.

ಗೌಡನಿಗೆ ಗೊತ್ತಾಯಿತು. ಎದೆಪಟ್ಟಿ ಬಿಟ್ಟು ಎರಡೂ ಕೈಗಳನ್ನು ತಲೆಯ ಮೇಲೆ ಹಿಂದಕ್ಕೆ ಚಾಚಿ ದಾರವನ್ನೂ ನನ್ನ ಮಣಿಕಟ್ಟನ್ನೂ ಒಟ್ಟಿಗೆ ಹಿಡಿದುಕೊಂಡ. ಅವನ ಮೊಣಕಾಲು ಹೊಟ್ಟೆಗೆ ಬಂತು. ನಾವು ಮಗುಚಿ ಬೆನ್ನ ಮೇಲಾದೆವು, ಒಂದು ಪಕ್ಕಕ್ಕೆ ವಾಲಿ ತಿರುಗತೊಡಗಿದೆವು. ಆಕಾಶ, ಕಾಡು, ಆಕಾಶ, ಕಾಡು. ಕಣ್ಣಿಗೆ ರಕ್ತ ನುಗ್ಗಿತು. ತಿರುಗುವಿಕೆ ಹೆಚ್ಚಾದಂತೆ ಕೈಕಾಲಿಗೆ ಕಲ್ಲು ಕಟ್ಟಿದಂತಾಗುತ್ತದೆ. ಕೈಯನ್ನು ಮೈಗೆ ತರುವುದೇ ಜಗಳ.

ಎಡಗೈಯಿಂದ ಅವನ ಹೆಬ್ಬೆರಳು ಹಿಡಿದು ಮುರಿದೆ. ಮೂಳೆ ಸರಿದದ್ದು ನನ್ನ ಕೈಗೆ ಗೊತ್ತಾಯಿತು. ಅವನು ಬಿಡಲಿಲ್ಲ. ಇನ್ನೊಂದು ಹೆಬ್ಬೆರಳಿಗೆ ಹೋದೆ. ಬಿಡಲಿಲ್ಲ. ಪರೀಕ್ಷಕಿ ಇಪ್ಪತ್ತು ದಿನ ಕಲಿಸಿದ್ದು ಜೀವ ಹಿಡಿದುಕೊಂಡವನಿಂದ ಬಿಡಿಸಿಕೊಳ್ಳುವುದನ್ನು. ಇವನು ಹಿಡಿದದ್ದು ಜೀವವನ್ನಲ್ಲ. ನಾನು ಕೈ ಎಳೆದಷ್ಟೂ ದಾರ ಅವನ ಗಂಟಲನ್ನು ಬಿಗಿಯುತ್ತಿತ್ತು. ಗೊರಗೊರ ಸದ್ದು ಗಾಳಿಯಲ್ಲೂ ಕೇಳಿಸುತ್ತಿತ್ತು.

ಆಲ್ಟಿಮೀಟರ್ ಎಡಗೈಯಲ್ಲಿತ್ತು. ಏಳು ಸಾವಿರ ದಾಟಿತ್ತು.

ನನ್ನ ಮುಂದೆ ಎರಡು ದಾರಿಯಿದ್ದವು. ಎಡಗೈಗೆ ಸಿಗುವ ಹಿಡಿ ಎಳೆದು ಮೀಸಲು ಪ್ಯಾರಾಚೂಟ್ ಬಿಡುವುದು ಒಂದು. ಬೆನ್ನ ಮೇಲೆ ಬಿದ್ದು ತಿರುಗುತ್ತಿರುವಾಗ ಅದನ್ನು ಬಿಟ್ಟರೆ ಬಿಚ್ಚುವ ಮೊದಲೇ ನಮ್ಮಿಬ್ಬರನ್ನೂ ಹಗ್ಗದಲ್ಲಿ ಸುತ್ತಿಹಾಕುವ ಸಂಭವವೇ ಹೆಚ್ಚು. ಮೀಸಲಿನ ಮೇಲೆ ಇನ್ನೊಂದು ಮೀಸಲು ಇಲ್ಲ. ಎರಡನೆಯದು, ಎದೆಪಟ್ಟಿಯಲ್ಲಿ ಸಿಕ್ಕಿಸಿದ್ದ ಕೊಕ್ಕೆ ಚಾಕು. ಸಿಕ್ಕುಬಿದ್ದ ಹಗ್ಗ ಕತ್ತರಿಸುವುದಕ್ಕೆಂದೇ ಅದನ್ನು ಕೊಟ್ಟಿರುತ್ತಾರೆ. ದಾರ ಕತ್ತರಿಸಿದರೆ ಕೈ ಬಿಡುತ್ತದೆ. ಲಿಂಗ ಹೋಗುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಕತ್ತರಿಸುತ್ತಿದ್ದರು. ನಾನು ಮೂರು ಸೆಕೆಂಡು ತೆಗೆದುಕೊಂಡೆ. ಡ್ರೋಗ್ ಇಲ್ಲದ ವೇಗದಲ್ಲಿ ಮೂರು ಸೆಕೆಂಡು ಎಂದರೆ ಎಂಟುನೂರು ಅಡಿ. ಎಂಟುನೂರು ಅಡಿ ನಾನು ಸುಮ್ಮನೆ ಬಿದ್ದೆ.

ಆರು ಸಾವಿರಕ್ಕೆ ಚಾಕು ತೆಗೆದೆ. ದಾರದಡಿಗೆ ಕೊಕ್ಕೆ ಸಿಕ್ಕಿಸುವಾಗ ಅವನ ಕಿವಿಯ ಹಿಂದೆ ಚರ್ಮವೂ ಸೀಳಿತು. ಎಳೆದೆ. ಹತ್ತಿಯ ಹುರಿ, ಒಂದೇ ಎಳೆತಕ್ಕೆ ತುಂಡಾಯಿತು. ಅವನು ಕೈ ಮುಚ್ಚುವಷ್ಟರಲ್ಲಿ ಗಾಳಿ ಎಲ್ಲವನ್ನೂ ಕಿತ್ತುಕೊಂಡು ಹೋಗಿತ್ತು.

ಅವನು ಕೂಗಿದ ಕೂಗು ಮನುಷ್ಯರದಲ್ಲ. ಹೋದದ್ದನ್ನು ಹಿಡಿಯುವುದಕ್ಕೆ ಮೈಯನ್ನೆಲ್ಲ ತಿರುಚಿದ. ತಲೆ ಹಿಂದಕ್ಕೆ ಬಡಿದ. ನನ್ನ ಮೂಗು ಮುರಿಯಿತು. ಇನ್ನೊಂದು ಸಲ ಬಡಿಯುವ ಮೊದಲು ಅವನ ಹಣೆಗೆ ಎಡಗೈ ಹಾಕಿ ತಲೆಯನ್ನು ನನ್ನ ಹೆಗಲಿಗೆ ಒತ್ತಿ ಹಿಡಿದೆ. ಎರಡೂ ಕಾಲಿನಿಂದ ಅವನ ಕಾಲುಗಳನ್ನು ಹಿಂದಕ್ಕೆ ಒದ್ದು ಸಿಕ್ಕಿಸಿಕೊಂಡೆ. ಮೈ ಬಿಲ್ಲಿನಂತೆ ಬಾಗಲೇಬೇಕಾಯಿತು. ಬಾಗಿದ ಮೈಯನ್ನು ಗಾಳಿಯೇ ತಿರುಗಿಸುತ್ತದೆ. ಹೊಟ್ಟೆ ನೆಲದ ಕಡೆ ಬಂತು. ತಿರುಗುವುದು ನಿಂತಿತು. ಡ್ರೋಗ್ ಎಸೆದೆ. ಸೊಂಟಕ್ಕೆ ಹಗ್ಗ ಹಾಕಿ ಎಳೆದಂತೆ ಜಗ್ಗಿತು. ನಾಲ್ಕು ಸಾವಿರದ ಐನೂರು. ತಡಮಾಡದೆ ಬಿಡುಗಡೆ ಹಿಡಿ ಎಳೆದೆ. ಮುಖ್ಯ ಪ್ಯಾರಾಚೂಟ್ ತೆರೆದ ಹೊಡೆತಕ್ಕೆ ಇಬ್ಬರ ಗಲ್ಲವೂ ಎದೆಗೆ ಬಡಿಯಿತು. ಮೇಲೆ ನೋಡಿದೆ. ಹಗ್ಗಗಳು ಎರಡು ಸುತ್ತು ತಿರುಚಿಕೊಂಡಿದ್ದವು. ಒದ್ದು ಒದ್ದು ಬಿಚ್ಚಿದೆ.

ಸದ್ದು ನಿಂತಿತು. ಪ್ಯಾರಾಚೂಟ್ ತೆರೆದ ಮೇಲಿನ ನಿಶ್ಶಬ್ದ ನನಗೆ ಚೆನ್ನಾಗಿ ಗೊತ್ತು. ಆ ದಿನ ಅದರಲ್ಲಿ ಅವನ ಮಾತು ಇತ್ತು.

"ನನ್ ಕತ್ತ್ ಕುಯ್ಬೇಕಾಗಿತ್ತು ಕಣ್ಲಾ. ಕತ್ತೇ ಕುಯ್ಬೇಕಾಗಿತ್ತು."

ಮುರಿದ ಬೆರಳಿನ ಮುಷ್ಟಿಯಿಂದ ನನ್ನ ತೊಡೆಗೆ ಗುದ್ದುತ್ತಲೇ ಇದ್ದ. ಗುದ್ದಿಕೊಳ್ಳಲಿ ಎಂದು ಬಿಟ್ಟೆ. ನನಗೆ ಒಂದೇ ಕಣ್ಣಿತ್ತು. ಒಂದು ಕಣ್ಣಿಗೆ ದೂರ ಸರಿಯಾಗಿ ತಿಳಿಯುವುದಿಲ್ಲ. ಕೆಳಗಿನ ಬಯಲಿನ ಒಂದು ಅಂಚಿನಲ್ಲಿ ಆನೆ ತಡೆಯಲು ತೋಡಿದ ಕಂದಕವಿದೆ, ಅದರ ಈಚೆಗೆ ಸೋಲಾರ್ ಬೇಲಿ. ಗಾಳಿ ಬದಲಾಗಿತ್ತು.

"ಅಣ್ಣ, ಬಲಕ್ ಎಳಿ! ಬಲಕ್ಕೆ! ಬೇಲಿ ಕಡೆ ತಳ್ತಾ ಅದೆ!" ಹೆಲ್ಮೆಟ್ಟಿನೊಳಗೆ ಸೋಲಿಗ ಕೂಗಿದ. "ಬೇಲೀಲಿ ಕರೆಂಟ್ ಅದೆ ಅಣ್ಣ, ಆಫ್ ಮಾಡಕ್ ಓಡ್ತಾ ಇವ್ನಿ!"

ಬಲಕ್ಕೆ ಎಳೆದೆ. ತಂತಿ ನಮ್ಮ ಕಾಲಿನಡಿಯಲ್ಲಿ ಮೊಳದಷ್ಟು ಅಂತರದಲ್ಲಿ ಹಾದುಹೋಯಿತು. "ಕಾಲೆತ್ತು!" ಎಂದು ಕಿರುಚಿದೆ. ಇಳಿಯುವಾಗ ಪ್ರಯಾಣಿಕ ಕಾಲೆತ್ತಬೇಕು, ಶಿಕ್ಷಕನ ಕಾಲು ಮೊದಲು ನೆಲ ಮುಟ್ಟಬೇಕು. ಅವನು ಎತ್ತಲಿಲ್ಲ. ಕಂದಕದ ದಡಕ್ಕೆ ಅವನ ಎಡಗಾಲು ಮೊದಲು ಬಡಿಯಿತು. ಒಣಗಿದ ಬಿದಿರು ಸೀಳಿದಂತಹ ಸದ್ದು. ಇಬ್ಬರೂ ಉರುಳಿ ಕೆಳಗೆ ಬಿದ್ದೆವು. ಪ್ಯಾರಾಚೂಟ್ ನಮ್ಮ ಮೇಲೆ ಬಂದು ಮುಚ್ಚಿಕೊಂಡಿತು.

ಸೋಲಿಗ ಓಡಿ ಬಂದು ಬಟ್ಟೆ ಸರಿಸಿದ. ಇಬ್ಬರಿಗೂ ಉಸಿರಿದೆ ಎಂದು ನೋಡಿ, "ಆನೆಗ್ ತೋಡಿದ್ ಗುಂಡೀಲಿ ಗೌಡ್ರು ಬಿದ್ದವ್ರೆ," ಎಂದ. ಆಮೇಲೆ ಗೌಡನ ಮುಖ ನೋಡಿ ನೀರಿನ ಬಾಟಲಿ ಚಾಚಿದ. ಗೌಡ ಮುಖ ತಿರುಗಿಸಿದ.

ಅವನು ಆ ದಿನವೆಲ್ಲ ನೀರು ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗಿನ ಮೂಳೆ ಕೂಡಿಸಿದರು, ಎರಡು ಹೆಬ್ಬೆರಳಿಗೆ ಪಟ್ಟಿ ಹಾಕಿದರು, ನೀರನ್ನು ಸೂಜಿಯಲ್ಲಿ ಏರಿಸಿದರು. ಬಾಯಿಗೆ ಮಾತ್ರ ಒಂದು ಹನಿ ಹಾಕಿಸಿಕೊಳ್ಳಲಿಲ್ಲ. ನನಗೆ ಹುಬ್ಬಿಗೆ ಏಳು ಹೊಲಿಗೆ, ಮೂಗಿಗೆ ಪಟ್ಟಿ. ನಾನು ಅವನ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಾರನೆಯ ಮಧ್ಯಾಹ್ನ ಅವರ ಮನೆಯ ಗುರುಗಳು ಬಂದು ಹೊಸ ಲಿಂಗ ಕಟ್ಟಿದರು. ಆಮೇಲೆ ಕುಡಿದ.

ಸಂಜೆ ನನ್ನನ್ನು ಒಳಗೆ ಕರೆಸಿದ. ಬೈಯುತ್ತಾನೆಂದು ಸಿದ್ಧನಾಗಿ ಹೋದೆ.

"ತೆಪ್ಪು ನಂದು ಕಣ್ಲಾ," ಎಂದ. "ಇಮಾನ ಮ್ಯಾಲಕ್ ಓಯ್ತಾ ಎದ್ರುಕೆ ಆಯ್ತು. ಜಿಪ್ ತಗ್ದು ಒಂದ್ಗಳ್ಗೆ ಮುಟ್ಕಂಡೆ. ತಿರ್ಗ ಆಕ್ನಿಲ್ಲ. ದಾರಾನೂ ಕೊರ್ಳಲ್ಲೇ ಬುಟ್ಕಂಡಿದ್ದೆ, ನಿಂಗ್ ಏಳ್ನಿಲ್ಲ. ಶಿವ ನಂಗೆ ಸರ್ಯಾಗ್ ಕೊಟ್ಟ. ನಿಂಗೇನ್ ಗೊತ್ತಿತ್ತು ಪಾಪ."

ನಾನು ನೀರಿನ ಲೋಟ ಚಾಚಿದೆ. ನನ್ನ ಕೈಯಿಂದ ಲೋಟ ತೆಗೆದುಕೊಂಡು ನೀರು ಕುಡಿದ. ಮರುದಿನದಿಂದ ದಿನವೂ ಹೋದೆ. ಅವನು ದಿನವೂ ಬಂದವರಿಗೆಲ್ಲ ಅದನ್ನೇ ಹೇಳಿದ: "ತೆಪ್ಪು ನಂದು, ಇವ್ನು ಜೀವ ಉಳಿಸ್ದ." ನಾನು ದಿನವೂ ಸುಮ್ಮನಿದ್ದೆ.

ನಾಲ್ಕನೆಯ ವಾರ ವಿಚಾರಣೆ. ನಿಯಮದಂತೆ ಪರೀಕ್ಷಕಿ ವರದಿ ಬರೆದು ಕಳಿಸಬೇಕು. ಶೆಡ್ಡಿನಲ್ಲೇ ಮೇಜು ಹಾಕಿದ್ದರು. ಗೌಡ ಸೋಲಿಗನ ಜೊತೆ ಊರುಗೋಲಿನಲ್ಲಿ ಬಂದ. ತನ್ನ ಹೇಳಿಕೆಯನ್ನು ಒಂದು ಮಾತೂ ಬದಲಿಸದೆ ಹೇಳಿ ಸಹಿ ಹಾಕಿದ. ಹೆಬ್ಬೆರಳು ಇನ್ನೂ ಮಡಚುತ್ತಿರಲಿಲ್ಲ, ಪೆನ್ನನ್ನು ಬೆರಳ ಸಂದಿಯಲ್ಲಿ ಹಿಡಿದಿದ್ದ.

ಪರೀಕ್ಷಕಿ ನನ್ನ ಕಡೆ ತಿರುಗಿದರು. ಫಾರಂ ಓದಿದರು. "ಐದನೇ ಮುಟ್ಟು, ಕಾಲರ್. ಮಾಡಿದಿರಿ ಅಲ್ವಾ ಅಯ್ಯಾ? ನಾನೇ ನೋಡಿದೀನಿ, ಬೆರಳು ಒಳಗೆ ಹೋಯ್ತು. ಹೌದು ಅಂತ ಬರೀತೀನಿ." ಪೆನ್ನು ಕಾಗದದ ಮೇಲೆ ಆಗಲೇ ಇತ್ತು.

ಹೌದು ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಬೆರಳು ಹೋಗಿತ್ತು. ಪರವಾನಗಿ ಉಳಿಯುತ್ತಿತ್ತು. ಗೌಡನೂ ಉಳಿಯುತ್ತಿದ್ದ. ಆದರೆ ವರದಿ ಇರುವುದು ಮುಂದಿನ ಶಿಕ್ಷಕನಿಗೆ. ಅದನ್ನು ಓದುವವನು ಏನೆಂದುಕೊಳ್ಳುತ್ತಾನೆ? ತಪಾಸಣೆ ಸರಿಯಾಗಿ ಮಾಡಿದರೂ ದಾರ ಸಿಗದೆ ಹೋಗಬಹುದು ಎಂದುಕೊಳ್ಳುತ್ತಾನೆ. ಅದು ಸುಳ್ಳು. ಸರಿಯಾಗಿ ಮಾಡಿದರೆ ಸಿಗುತ್ತದೆ. ನನಗೆ ಸಿಕ್ಕಿತ್ತು.

"ಬರೀಬೇಡಿ," ಎಂದೆ. "ಬೆರಳು ಹಾಕಿದೆ. ದಾರ ಸಿಕ್ಕಿತು. ಏನೆಂದು ಗೊತ್ತಾಯಿತು. ಎಳೆಯಲಿಲ್ಲ. ತಪಾಸಣೆ ಪೂರ್ತಿ ಮಾಡದೆ ಹೆಬ್ಬೆರಳು ಎತ್ತಿದೆ. ಹೀಗೆ ಬರೆಯಿರಿ."

ಪೆನ್ನು ನಿಂತಿತು. ಗೌಡ ನನ್ನನ್ನೇ ನೋಡಿದ.

"ಸಿಕ್ಕಿತ್ತಾ?"

"ಸಿಕ್ಕಿತ್ತು."

"ನಾಕ್ ವಾರ. ನಾಕ್ ವಾರ ನಾನು ಬಂದೋರ್ ಮುಂದೆಲ್ಲಾ ತೆಪ್ಪು ನಂದು ತೆಪ್ಪು ನಂದು ಅಂತಾ ಇವ್ನಿ. ಪಕ್ದಲ್ಲೇ ಕುಂತಿದ್ದೆಯಲ್ಲಾ, ಬಾಯಿ ಇರ್ನಿಲ್ವಾ ನಿಂಗೆ?"

ಊರುಗೋಲು ಮೇಲೆದ್ದದ್ದು ಕಂಡಿತು. ಸರಿಯಬಹುದಿತ್ತು. ಸರಿಯಲಿಲ್ಲ. ಹೆಗಲಿನ ಮೇಲೆ ಬಿತ್ತು, ಎರಡನೆಯದು ಹೊಲಿಗೆ ಹಾಕಿದ ಹುಬ್ಬಿನ ಮೇಲೆ. ಗಾಯ ಬಾಯಿಬಿಟ್ಟು ರಕ್ತ ಫಾರಮಿನ ಮೇಲೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಊರುಗೋಲಿಲ್ಲದ ಕಾಲು ನಿಲ್ಲಲಿಲ್ಲ, ಅವನೇ ಮೇಜಿನ ಮೇಲೆ ಬಿದ್ದ.

"ಪೋದುಂ!" ಎಂದು ಕೂಗಿದರು ಪರೀಕ್ಷಕಿ. "ಸಾಕು, ನಿಲ್ಸಿ!"

ಅವನನ್ನು ಎತ್ತಲು ಹೋದೆ. ನನ್ನ ಕೈ ತಳ್ಳಿದ. ಸೋಲಿಗ ಎತ್ತಿ ಕೂರಿಸಿದ. ಗೌಡ ಮೇಲುಸಿರು ಬಿಡುತ್ತಾ ನನ್ನ ಬಲಗೈ ಬೆರಳನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಮುಟ್ಟೇ ಬುಟ್ಟಿದ್ದೆಯಲ್ಲಾ. ಮುಟ್ಟಿದ್ಮ್ಯಾಕೆ ಎಳಿಯಕ್ ಏನಾಗಿತ್ಲಾ ನಿಂಗೆ?"

ಅವನು ಸೋಲಿಗನ ಹೆಗಲು ಹಿಡಿದು ಹೊರಟುಹೋದ. ಬಯಲನ್ನು ಹಿಂದಕ್ಕೆ ಕೇಳಲಿಲ್ಲ. ನನ್ನೊಡನೆ ಮಾತಾಡಿಯೂ ಇಲ್ಲ.

ಪರೀಕ್ಷಕಿ ರಕ್ತ ಬಿದ್ದ ಫಾರಂ ಪಕ್ಕಕ್ಕಿಟ್ಟು ಹೊಸದರಲ್ಲಿ ನಾನು ಹೇಳಿದಂತೆಯೇ ಬರೆದರು. ನನ್ನ ಪುಸ್ತಕದಲ್ಲಿ ತಾವು ಹಾಕಿದ್ದ ಸಹಿಯ ಮೇಲೆ ಅಡ್ಡಗೆರೆ ಎಳೆದರು. "ಮೊದಲಿಂದ, ಅಯ್ಯಾ. ಬೇಕಾದರೆ."

"ಬೇಕು," ಎಂದೆ. "ಅದಕ್ಕೆ ಮೊದಲು ಇನ್ನೊಂದು ಕೆಲಸ ಕೊಡಿ."

ಈಗ ನಾನು ಶೆಡ್ಡಿನಲ್ಲಿ ಮುಂದಿನ ಹಾರ್ನೆಸ್ಸಿನಲ್ಲಿ ತೂಗುತ್ತೇನೆ. ತರಬೇತಿಗೆ ಬರುವವರಿಗೆ ನಾನೇ ಪ್ರಯಾಣಿಕ. ತಲೆ ಬಡಿಯುತ್ತೇನೆ, ತಿವಿಯುತ್ತೇನೆ, ಮಣಿಕಟ್ಟು ಹಿಡಿದು ಬಿಡುವುದಿಲ್ಲ. ಹತ್ತುವ ಮೊದಲು ಜೇಬಿನಿಂದ ಲಿಂಗ ತೆಗೆದು ಕೊರಳಿಗೆ ಕಟ್ಟಿಕೊಂಡು ಅಂಗಿಯ ಗುಂಡಿ ಹಾಕುತ್ತೇನೆ.

ಹೋದ ಸೋಮವಾರ ಬಂದವನು ನಮ್ಮ ಕಡೆಯವನೇ, ಮೊನ್ನೆ ಮೊನ್ನೆ ಸೈನ್ಯದಿಂದ ಬಿಡುಗಡೆಯಾದವನು. ಭುಜದ ಕೊಕ್ಕೆ, ಸೊಂಟದ ಕೊಕ್ಕೆ, ಎದೆಪಟ್ಟಿ, ಕಾಲುಪಟ್ಟಿ, ಎಲ್ಲ ಚುರುಕಾಗಿ ಮುಟ್ಟಿದ. ಕಾಲರಿಗೆ ಬೆರಳು ಹಾಕಿದ. ಒಂದಿಂಚು ತಿರುಗಿತು. ನಿಂತಿತು.

"ಅಯ್ಯಾ, ಇದು..."

"ಏನದು?"

"ಲಿಂಗ ಅಲ್ವಾ ಅಯ್ಯಾ. ಇದರ ಬದಲು ಒಂದು ಬರೀ ದಾರ ಕಟ್ಟಿಕೊಂಡ್ರೆ ಆಗಲ್ವಾ?"

ಬರೀ ದಾರವನ್ನು ಎಳೆಯುವುದು ಯಾರಿಗೂ ಕಷ್ಟವಲ್ಲ.

"ಎಳಿ," ಎಂದೆ.

ನಾನು ಗಟ್ಟಿಯಾಗಿ ಸೆಕೆಂಡು ಎಣಿಸತೊಡಗಿದೆ. ನಾಲ್ಕಕ್ಕೆ ಎಳೆದ.

"ನಾಲ್ಕು ಜಾಸ್ತಿಯಾಯಿತು," ಎಂದು ಕರಡಿಗೆಯನ್ನು ಒಳಗೆ ಹಾಕಿಕೊಂಡು ಗುಂಡಿ ಹಾಕಿದೆ. "ಮತ್ತೊಂದು ಸಲ."